ನೂರೈದು ನಂಬರಿನ ಗುಡ್ಡೆ

ಡಾಲಿ ಎಂಬ ಕ್ಲೋನ್ ಕುರಿಯ, ಅಂದರೆ ಇನ್ನೊಂದು ಕುರಿಯ ಪಡಿಯಚ್ಚಿನಂಥ ಮರಿಯ ಸುದ್ದಿ 1997ರ ಫೆಬ್ರವರಿ ಕೊನೆಗೆ ಪೇಪರಿನಲ್ಲಿ ಬಂದಾಗ ನಾವು ಒಂಬತ್ತನೇ ತರಗತಿಯಲ್ಲಿದ್ದೆವು. ಪರೀಕ್ಷೆ ಹತ್ತಿರ ಬಂದಿತ್ತು, ಪಾಠ ಮುಗಿದಿರಲಿಲ್ಲ. ಆದರೂ ಬಯಾಲಜಿ ಟೀಚರ್ ಆ ವಾರ ಕುರಿಯನ್ನು ಬಿಡಲೇ ಇಲ್ಲ. ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯಲ್ಲಿ ಬಿಳಿ ಮುಖದ ಆರು ವರ್ಷದ ಕುರಿಯೊಂದರ ಕೆಚ್ಚಲಿನ ಜೀವಕೋಶ ತೆಗೆದರಂತೆ. ಕರಿ ಮುಖದ ಇನ್ನೊಂದು ಕುರಿಯ ಅಂಡಾಣುವಿನಿಂದ ಕೋಶಕೇಂದ್ರ ಕಿತ್ತು, ಎರಡನ್ನೂ ವಿದ್ಯುತ್ ಹಾಯಿಸಿ ಬೆಸೆದರಂತೆ. ಹೊತ್ತು ಹೆತ್ತದ್ದು ಮೂರನೆಯದೊಂದು ಕರಿ ಮುಖದ ಕುರಿ, ಹುಟ್ಟಿದ ಮರಿಯ ಮುಖ ಮಾತ್ರ ಬಿಳಿ. ಟೀಚರ್ ಬೋರ್ಡಿನಲ್ಲಿ ಬರೆದ ಮೂರು ಕುರಿಗಳೂ ನಾಯಿಗಳ ಹಾಗೆಯೇ ಕಾಣುತ್ತಿದ್ದವು, ಅದು ಬೇರೆ ವಿಷಯ.

ಬೆಸೆದ 277 ಅಂಡಾಣುಗಳಲ್ಲಿ ಜೀವಂತ ಮರಿಯಾದದ್ದು ಒಂದೇ ಎಂದಾಗ ಹಿಂದಿನ ಬೆಂಚಿನಿಂದ ಒಬ್ಬ, "ಇಷ್ಟು ಕಷ್ಟ ಯಾಕೆ ಟೀಚರ್, ಒಂದು ಗಂಡು ಒಂದು ಹೆಣ್ಣು ಸಾಕಿದರೆ ಸಾಲದಾ?" ಎಂದ. ಟೀಚರಿಗೆ ಸಿಟ್ಟು ಬರಲಿಲ್ಲ. ಮರುದಿನ ಎಲ್ಲರೂ ಚಪ್ಪಲಿ ಹಾಕಿಕೊಂಡು ಬರಬೇಕು, ಗುಡ್ಡೆಗೆ ಹೋಗಲಿಕ್ಕಿದೆ ಎಂದರು.

ಕಾಸರಗೋಡಿನ ಬದಿಯಡ್ಕದ ಕಡೆಯ ಉಳಿದ ಗುಡ್ಡೆಗಳ ಹಾಗೆ ಶಾಲೆಯ ಹಿಂದಿನದೂ ಮುರಕಲ್ಲಿನದೇ (ಜಂಬಿಟ್ಟಿಗೆ). ಒಂದು ಮಗ್ಗುಲು ಆಗಲೇ ರಬ್ಬರ್ ತೋಟವಾಗಿತ್ತು, ಇನ್ನೊಂದು ಮಗ್ಗುಲಲ್ಲಿ ಮುಳಿಹುಲ್ಲು, ಕೇಪಳ, ಕುಂಟಾಲ. ತೋಟದ ಬುಡದ ನರ್ಸರಿಯಲ್ಲಿ ಕೋಟ್ಟಯಂ ಕಡೆಯ ಚೇಟ್ಟ (ಮಲಯಾಳದಲ್ಲಿ ಅಣ್ಣ) ಒಬ್ಬರು ಕುಕ್ಕರುಗಾಲಿನಲ್ಲಿ ಕೂತು ಕಸಿ ಕಟ್ಟುತ್ತಿದ್ದರು. ಬೀಜದ ಸಸಿಯ ಬುಡದಲ್ಲಿ ಚೂರಿಯಿಂದ ಪುಟ್ಟ ಕಿಟಕಿಯ ಹಾಗೆ ತೊಗಟೆ ಬಿಡಿಸಿ, ಒಸರುವ ಹಾಲನ್ನು ಬಟ್ಟೆಯಲ್ಲಿ ಒರೆಸಿ, ಬೇರೆ ಕೊಂಬೆಯಿಂದ ತೆಗೆದ ಕಣ್ಣಿರುವ, ಅಂದರೆ ಚಿಗುರುವ ಮೊಗ್ಗಿರುವ ತೊಗಟೆಯ ತುಂಡನ್ನು ಅಲ್ಲಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿದರು. ಮೂರು ವಾರ ಕಳೆದು ಬಿಚ್ಚಿದಾಗ ತುಂಡು ಹಸಿರಾಗಿದ್ದರೆ ಹಿಡಿಯಿತು ಎಂದು ಲೆಕ್ಕ. ಆಮೇಲೆ ಸಸಿಯ ತಲೆ ಕಡಿಯುವುದು. ಬೇರು ಬೀಜದ್ದು, ಮರ ಕಣ್ಣಿನದ್ದು.

"ಇವೆಲ್ಲ ಒಂದೇ ಮರ ಮಕ್ಕಳೇ" ಎಂದರು ಟೀಚರ್, ತೋಟದ ಸಾಲುಗಳತ್ತ ಕೈ ತೋರಿಸಿ. ಆರ್‌ಆರ್‌ಐಐ 105, ಊರಿನವರ ಬಾಯಲ್ಲಿ ಬರೀ ನೂರೈದು. ಕೋಟ್ಟಯಂನ ರಬ್ಬರ್ ಸಂಶೋಧನಾ ಸಂಸ್ಥೆಯ ಈ ತಳಿಯನ್ನು ಚೇಟ್ಟ ಕೂಡ ಕ್ಲೋನ್ ಎಂದೇ ಕರೆಯುತ್ತಿದ್ದರು. ಹಾಲು ಜಾಸ್ತಿ, ಆದರೆ ಪಿಂಕ್ ಎಂಬ ಶಿಲೀಂಧ್ರ ರೋಗಕ್ಕೆ ಬೇಗ ತುತ್ತಾಗುತ್ತದೆ. ಒಂದು ಮರದ ದೌರ್ಬಲ್ಯ ಇಡೀ ಗುಡ್ಡೆಯದ್ದಾಗಿಬಿಡುತ್ತದೆ. ಗಂಡು ಹೆಣ್ಣು ಕೂಡಿ ಹುಟ್ಟಿದ ಮರಿಗಳಲ್ಲಿ ಒಂದರ ಹಾಗೆ ಇನ್ನೊಂದಿಲ್ಲ, ರೋಗ ಬಂದರೂ ಕೆಲವಾದರೂ ಉಳಿದಾವು. ಹಿಂದಿನ ಬೆಂಚಿನವನಿಗೆ ಸಿಕ್ಕಿದ ಉತ್ತರ ಇದು.

ಪರಿಸರ ವ್ಯವಸ್ಥೆಯ ಪಾಠ ನಡೆದದ್ದು ಹುಲ್ಲಿನ ಮಗ್ಗುಲಲ್ಲಿ. ಅಲ್ಲಿ ಮೇಯುತ್ತಿದ್ದದ್ದು ನಮ್ಮ ಸೊಂಟದೆತ್ತರವೂ ಇಲ್ಲದ ಕಾಸರಗೋಡು ಗಿಡ್ಡ ದನಗಳು. ಟೀಚರ್ ಒಣಗಿದ ಸಗಣಿಯೊಂದನ್ನು ಕೋಲಿನಿಂದ ಮಗುಚಿದರು. ಅಡಿಯ ಮಣ್ಣಿನಲ್ಲಿ ಪೆನ್ಸಿಲ್ ತೂರುವಷ್ಟು ತೂತುಗಳು, ಒಂದರಿಂದ ಕರೀ ಹುಳವೊಂದು ಹೊರಬಂದು ಬಿಸಿಲು ಕಂಡದ್ದೇ ಹಿಂದಕ್ಕೆ ಸರಿಯಿತು. ಹುಲ್ಲು ಉತ್ಪಾದಕ, ದನ ಭಕ್ಷಕ, ಸಗಣಿಯನ್ನು ಮಣ್ಣಿಗೆ ಇಳಿಸುವ ಈ ಹುಳು ಮತ್ತು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ವಿಘಟಕರ ಲೆಕ್ಕಕ್ಕೆ. ಹುಲ್ಲಿನ ಶಕ್ತಿಯಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ದನದ ಮೈಗೆ ಸೇರುತ್ತದೆ ಎಂಬ ಲಿಂಡೆಮನ್ ನಿಯಮವನ್ನೂ ಅಲ್ಲೇ ನಿಂತು ಹೇಳಿದರು. ಪರೀಕ್ಷೆಯಲ್ಲಿ ಆ ಪ್ರಶ್ನೆ ಬರಲಿಲ್ಲ.

2009ರಲ್ಲಿ ಹರಿಯಾಣದ ಕರ್ನಾಲ್‌ನಲ್ಲಿ ಎಮ್ಮೆಕರುವನ್ನು ಕ್ಲೋನ್ ಮಾಡಿದ ಸುದ್ದಿ ಓದಿದಾಗ ಟೀಚರಿಗೆ ಫೋನ್ ಮಾಡಿದ್ದೆ. ಮೊದಲ ಕರು ಸಂರೂಪಾ ಕೆಲವೇ ದಿನ ಬದುಕಿತು, ಅದೇ ವರ್ಷದ ಗರಿಮಾ ಎರಡು ವರ್ಷದಷ್ಟು. ನಮ್ಮ ಗಿಡ್ಡವನ್ನೂ ಹಾಗೆ ಉಳಿಸಬಹುದಲ್ಲ ಟೀಚರೇ ಎಂದೆ. "ದನ ಮಾಡಿಯಾರು ಮಾರಾಯ, ಮೇಯಲಿಕ್ಕೆ ಗುಡ್ಡೆ ಯಾರು ಮಾಡುತ್ತಾರೆ?" ಎಂದರು. ಬದಿಯಡ್ಕದ ಹತ್ತಿರದ ಬೇಳದಲ್ಲಿ ಗಿಡ್ಡ ತಳಿಗೆಂದೇ ಸರಕಾರಿ ಫಾರಂ ಇದೆ, ಒಳ್ಳೆಯದೇ. ಆದರೆ ಫಾರಮ್ಮಿನ ಹಟ್ಟಿ ಗುಡ್ಡೆಯಾಗುವುದಿಲ್ಲ.

ಇದನ್ನೆಲ್ಲ ಬರೆಯಲು ಕಾರಣವೂ ಇದೆ. ಹುಲ್ಲಿನ ಮಗ್ಗುಲನ್ನು ಜೆಸಿಬಿಯಿಂದ ತಟ್ಟು ಮಾಡಿ ಸಭಾಭವನ ಕಟ್ಟುವ ಮಾತು ನಮ್ಮ ಹಳೆ ವಿದ್ಯಾರ್ಥಿಗಳ ನಡುವೆ ನಡೆಯುತ್ತಿದೆ. ಭವನಕ್ಕೆ ನನ್ನ ಪಾಲಿನ ಹಣ ಕೊಡುತ್ತೇನೆ. ಜಾಗ ಮಾತ್ರ ರಸ್ತೆ ಬದಿಯಲ್ಲಿ ಹುಡುಕೋಣ.