ದಾದರಿನ ಕಡಲಲ್ಲಿ ಸೂರ್ಯ ಹುಟ್ಟಿದ ದಿನ

‘ಟೀಚರ್, ನಮ್ಮ ಮಗಳಿಗೆ ಗಣಿತ ಬರುತ್ತದೆ, ವ್ಯಾಕರಣವೂ ಬರುತ್ತದೆ. ಆದರೆ ಒಂದು ದೃಶ್ಯವನ್ನು ವರ್ಣಿಸು ಎಂದರೆ ನಾಲ್ಕು ಸಾಲಿಗೆ ಪೆನ್ನು ಮುಚ್ಚಿಬಿಡುತ್ತಾಳೆ. ನೀವು ಮಕ್ಕಳಿಗೆ ವರ್ಣನೆಯನ್ನು ಹೇಗೆ ಕಲಿಸುತ್ತೀರಿ?’

ಮಾಟುಂಗಾದ ಹೂವಿನ ಅಂಗಡಿಗಳ ಮುಂದೆ, ಮದುವೆಯ ಊಟದ ಪಂಕ್ತಿಯಲ್ಲಿ, ಒಮ್ಮೆ ದಂತವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದು ಒರಗಿದ್ದಾಗಲೂ ಈ ಪ್ರಶ್ನೆ ನನ್ನನ್ನು ಹುಡುಕಿಕೊಂಡು ಬಂದಿದೆ. ಮುಂಬಯಿ ಮಹಾನಗರಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡ ಅದರಲ್ಲೊಂದು. ಅಂಥ ಶಾಲೆಯಲ್ಲಿ ಆರರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದವಳು ನಾನು. ಈಗ ಶನಿವಾರ ಸಂಜೆ ಮಾಟುಂಗಾದಲ್ಲಿ ಹತ್ತು ಹನ್ನೆರಡು ಮಕ್ಕಳಿಗೆ ಕನ್ನಡ ಬರೆಸುತ್ತೇನೆ. ದಂತವೈದ್ಯರಿಗೆ ಅಂದು ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಒಂದು ವರ್ಷ ಏಳನೆಯ ತರಗತಿಗೆ ‘ಸೂರ್ಯೋದಯ’ ಎಂಬ ವಿಷಯ ಕೊಟ್ಟಿದ್ದೆ. ಮಕ್ಕಳೆಲ್ಲ ದಾದರ್, ಮಾಹಿಮ್, ಧಾರಾವಿ ಕಡೆಯವರು. ತಿದ್ದಲು ಕುಳಿತರೆ ಅರ್ಧಕ್ಕಿಂತ ಹೆಚ್ಚು ಪುಸ್ತಕಗಳಲ್ಲಿ ಸೂರ್ಯ ದಾದರ್ ಚೌಪಾಟಿಯ ನೀರಿನೊಳಗಿಂದ ಕೆಂಪಗೆ ಎದ್ದು ಬಂದಿದ್ದ! ನಮ್ಮ ಕಡಲು ಇರುವುದು ಪಡುವಣಕ್ಕೆ. ಅಲ್ಲಿ ಸೂರ್ಯ ಮುಳುಗುತ್ತಾನೆ. ಏಳಬೇಕಾದರೆ ಪಾಪ, ಬೆನ್ನ ಹಿಂದಿನ ಕಟ್ಟಡಗಳನ್ನೆಲ್ಲ ಹತ್ತಿ ಬರಬೇಕು. ಪುಸ್ತಕಗಳಲ್ಲಿ ಹಕ್ಕಿಗಳು ಚಿಲಿಪಿಲಿಗುಟ್ಟುತ್ತಿದ್ದವು, ರೈತನೊಬ್ಬ ನೇಗಿಲು ಹೊತ್ತು ಹೊಲದ ಕಡೆ ನಡೆದಿದ್ದ. ದಾದರಿನಲ್ಲಿ ಹೊಲ! ಮೊದಲು ನಗು ಬಂತು. ಹಿಂದಿನ ವಾರ ಹಲಗೆಯ ಮೇಲೆ ಮಾದರಿ ಪ್ರಬಂಧ ಬರೆದವಳು ನಾನೇ ಎಂಬುದು ನೆನಪಾದ ಮೇಲೆ ನಗು ನಿಂತಿತು.

ಅಂದಿನಿಂದ ಮಾದರಿ ಪ್ರಬಂಧ ಬರೆಸುವುದನ್ನು ಬಿಟ್ಟೆ. ಅದರ ಬದಲು ಒಂದೇ ಪ್ರಶ್ನೆ ಕೇಳುತ್ತೇನೆ: ‘ನೀನು ಎಲ್ಲಿ ನಿಂತಿದ್ದೆ?’ ಇದಕ್ಕೆ ಉತ್ತರ ಹೇಳದೆ ಯಾರೂ ಪೆನ್ನು ಮುಟ್ಟುವಂತಿಲ್ಲ. ಬಾಗಿಲಲ್ಲೋ, ಮೆಟ್ಟಿಲ ಮೇಲೋ, ಅಪ್ಪನ ಹೆಗಲ ಮೇಲೋ? ಆರನೆಯ ತರಗತಿಯ ಮಗುವಿನ ಕಣ್ಣು ಜನಜಂಗುಳಿಯಲ್ಲಿ ದೊಡ್ಡವರ ಎದೆಯ ಮಟ್ಟಕ್ಕೆ ಇರುತ್ತದೆ. ಅದು ಕಾಣುವುದು ಬೆಲ್ಟು, ಚೀಲದ ತಳ, ಬೆವರಿದ ಅಂಗಿಯ ಬೆನ್ನು. ಆದರೆ ಬರೆಯುವಾಗ ಗಿಡುಗನ ಹಾಗೆ ಮೇಲಿನಿಂದ ಎಲ್ಲವನ್ನೂ ನೋಡಿದಂತೆ ಬರೆಯುತ್ತದೆ. ನಿಂತ ಜಾಗ ಗೊತ್ತಾದರೆ ಕಾಣದದ್ದೆಲ್ಲ ತಾನಾಗಿ ಉದುರಿಹೋಗುತ್ತದೆ, ಕಂಡದ್ದು ಹತ್ತಿರ ಬರುತ್ತದೆ.

ಈ ರೋಗ ನಮ್ಮ ಮಕ್ಕಳಿಗೆ ಇಂದು ಅಂಟಿದ್ದೇನಲ್ಲ. ಹಳಗನ್ನಡದ ಕವಿಗಳಿಗೂ ಕಾವ್ಯದಲ್ಲಿ ಅಷ್ಟಾದಶ ವರ್ಣನೆ ಇರಬೇಕೆಂಬ ಕಟ್ಟುಪಾಡಿತ್ತು: ಸಮುದ್ರ, ಪರ್ವತ, ಪಟ್ಟಣ, ಋತು, ಸೂರ್ಯೋದಯ, ಚಂದ್ರೋದಯ ಹೀಗೆ ಹದಿನೆಂಟು. ದೊಡ್ಡ ಕವಿ ಆ ಪಟ್ಟಿಯನ್ನು ಹಿಡಿದೇ ಹೊಸದನ್ನು ಕಂಡ, ಸಣ್ಣ ಕವಿ ಪಟ್ಟಿ ತುಂಬಿಸಿದ. ಪ್ರಶ್ನೆಪತ್ರಿಕೆಯ ವಿಷಯಗಳನ್ನು ನೋಡಿದಾಗಲೆಲ್ಲ ಆ ಹದಿನೆಂಟರ ಮರಿಮಕ್ಕಳು ಇವು ಎನ್ನಿಸುತ್ತದೆ ನನಗೆ.

‘ನಾನು ಕಂಡ ಜಾತ್ರೆ’ಯನ್ನೇ ನೋಡಿ. ತೇರು, ಬೆಂಡು ಬತ್ತಾಸು, ತೊಟ್ಟಿಲು ಎಂದು ಒಬ್ಬ ಹುಡುಗ ಬರೆದು ತಂದ. ಅವನು ತೇರನ್ನು ನೋಡಿಯೇ ಇರಲಿಲ್ಲ. ನೋಡಿದ್ದು ಸೆಪ್ಟೆಂಬರಿನಲ್ಲಿ ಬಾಂದ್ರಾದಲ್ಲಿ ನಡೆಯುವ ಮೌಂಟ್ ಮೇರಿ ಜಾತ್ರೆಯನ್ನು, ಪಕ್ಕದ ಮನೆಯವರ ಜೊತೆ ಹೋಗಿ. ಅಲ್ಲಿ ಹರಕೆ ಒಪ್ಪಿಸಲು ಮೇಣದಲ್ಲಿ ಮಾಡಿದ ಕೈ, ಕಾಲು, ಮನೆಗಳನ್ನು ಮಾರುತ್ತಾರೆ. ಎಲ್ಲಿ ನಿಂತಿದ್ದೆ ಎಂದೆ. ‘ಅಂಗಡಿಯ ಹಲಗೆ ನನ್ನ ಗದ್ದದವರೆಗೆ ಬರುತ್ತಿತ್ತು’ ಎಂದ. ಎರಡನೆಯ ಸಲ ಅವನು ಬರೆದ ಜಾತ್ರೆ ಹೀಗೆ ಶುರುವಾಯಿತು: ‘ನನ್ನ ಮೂಗಿನ ಮುಂದೆ ಹಳದಿ ಕೈಗಳ ಸಾಲು ಇತ್ತು. ಒಂದರ ಕಿರುಬೆರಳು ಬಿಸಿಲಿಗೆ ಬಾಗಿತ್ತು. ಅದನ್ನು ಯಾರು ಕೊಳ್ಳುತ್ತಾರೆ ಎಂದು ನೋಡುತ್ತಾ ನಿಂತೆ.’

ಪದಗಳ ಮಾತು ಆಮೇಲೆ. ಮೊದಲ ತಿಂಗಳು ಸುಂದರ, ಮನೋಹರ, ರಮಣೀಯ, ತುಂಬಾ ಎಂಬ ನಾಲ್ಕಕ್ಕೆ ನಮ್ಮಲ್ಲಿ ರಜೆ. ಬಟ್ಟೆಯ ಚೀಲದೊಳಗೆ ಹುಣಸೆಬೀಜ, ತೆಂಗಿನ ನಾರು, ಬೆಲ್ಲದ ತುಂಡು ಹಾಕಿ, ಕೈಯಾಡಿಸಿ ಹೆಸರು ಹೇಳದೆ ಬರೆಯಿರಿ ಎನ್ನುತ್ತೇನೆ. ಆಗ ನುಣುಪು, ತರಿತರಿ, ಜಿಗುಟು ಬೇಕಾಗುತ್ತವೆ. ಬೇಕೆನ್ನಿಸಿದಾಗ ಕೊಟ್ಟ ಪದವನ್ನು ಮಕ್ಕಳು ಮರೆಯುವುದಿಲ್ಲ. ವಾಸನೆಯ ವಿಷಯದಲ್ಲಂತೂ ಕನ್ನಡ ಸಿರಿವಂತ ಭಾಷೆ. ಹಳೆಯ ಎಣ್ಣೆಯ ಕಮಟು, ಕಪಾಟಿನ ಮುಗ್ಗಲು, ತಳ ಹಿಡಿದ ಹಾಲಿನ ಸೀದ ವಾಸನೆ. ‘ಕೆಟ್ಟ ವಾಸನೆ’ ಎಂದು ಬರೆದ ಮಗುವಿನ ಮುಂದೆ ಈ ಮೂರನ್ನು ಇಟ್ಟು ಯಾವುದು ಎಂದು ಕೇಳುತ್ತೇನೆ.

ಮನೆಯಲ್ಲಿ ತುಳು, ಓಣಿಯಲ್ಲಿ ಮರಾಠಿ, ಹಿಂದಿ ಆಡುವ ಮಕ್ಕಳು ಇವರು. ಕನ್ನಡ ಪದ ತೋಚದಿದ್ದರೆ ತೋಚಿದ ಭಾಷೆಯ ಪದವನ್ನೇ ಬರೆದು ಮುಂದೆ ಸಾಗಿರಿ ಎನ್ನುತ್ತೇನೆ. ಮಳೆಯ ಬಗ್ಗೆ ಒಬ್ಬಳು ಬರೆದಳು: ‘ತಾಡಪತ್ರಿಯ ಹೊಟ್ಟೆಯಲ್ಲಿ ನೀರು ತುಂಬಿ ಜೋಲುತ್ತದೆ. ಅಮ್ಮ ಕೋಲಿನಿಂದ ಕೆಳಗಿನಿಂದ ತಿವಿದರೆ ದಬಕ್ಕನೆ ಓಣಿಗೆ ಬೀಳುತ್ತದೆ.’ ತಾಡಪತ್ರಿಯನ್ನು ಟಾರ್ಪಾಲು ಎಂದು ತಿದ್ದಲು ಪೆನ್ನು ಎತ್ತಿದ್ದೆ. ಆ ‘ದಬಕ್ಕನೆ’ ನನ್ನನ್ನು ತಡೆಯಿತು.

ತಡೆಯದೆ ತಿದ್ದಿದ್ದೂ ಉಂಟು. ಬಹಳ ವರ್ಷಗಳ ಹಿಂದೆ ಒಬ್ಬ ಹುಡುಗ ‘ಅಜ್ಜಿಯ ಕೈಯ ಚರ್ಮ ಹಾಲಿನ ಕೆನೆಯ ಹಾಗೆ, ಬೆರಳಿನಿಂದ ತಳ್ಳಿದರೆ ಸರಿಯುತ್ತದೆ’ ಎಂದು ಬರೆದಿದ್ದ. ನಾನು ಕೆಂಪು ಶಾಯಿಯಲ್ಲಿ ಅದನ್ನು ಹೊಡೆದುಹಾಕಿ ‘ಸುಕ್ಕುಗಟ್ಟಿದ ಚರ್ಮ’ ಎಂದು ಬರೆದೆ. ಅವನೂ ವಿಧೇಯನಾಗಿ ಐದು ಸಲ ಬರೆದು ತಂದ. ಈಗಲೂ ಹಾಲು ಆರಿಸುವಾಗ ಆ ಸಾಲು ನೆನಪಾಗಿ ನಾಚಿಕೆಯಾಗುತ್ತದೆ.

ಅಂಕಗಳ ಬಗ್ಗೆಯೂ ಕೇಳುತ್ತಾರೆ. ಹೀಗೆ ಬರೆದ ಮಕ್ಕಳಿಗೆ ಕಡಿಮೆ ಬಂದದ್ದನ್ನು ನಾನು ಕಂಡಿಲ್ಲ, ಅಷ್ಟೇ.

ಇನ್ನು, ಮೊದಲು ಹೇಳಿದ ನಾಲ್ಕು ಸಾಲಿನ ಹುಡುಗಿ. ಆರನೆಯ ತರಗತಿಯವಳು. ಶನಿವಾರ ತರಗತಿ ಮುಗಿದ ಮೇಲೆ ಕಚೇರಿಯಿಂದ ಬರುವ ತಾಯಿಯ ಜೊತೆ ಲೋಕಲ್ ಹಿಡಿದು ಡೊಂಬಿವಲಿಗೆ ಹೋಗುತ್ತಾಳೆ. ರೈಲಿನಲ್ಲಿ ಏನು ಕಂಡೆ ಎಂದರೆ ‘ಏನೂ ಇಲ್ಲ ಟೀಚರ್, ಬರೀ ಜನ’ ಎಂದಳು. ಎಲ್ಲಿ ನಿಂತಿದ್ದೆ ಎಂದು ಕೇಳಿ ಕಳುಹಿಸಿದೆ. ಮುಂದಿನ ವಾರ ತಾಯಿಯೇ ಪುಸ್ತಕ ಹಿಡಿದು ಬಂದರು. ಅದರಲ್ಲಿ ಇದ್ದದ್ದು ಇಷ್ಟು:

‘ಅಮ್ಮನಿಗೆ ಘಾಟ್ಕೋಪರಿನಲ್ಲಿ ಮೂವರ ಬೆಂಚಿನ ತುದಿಯಲ್ಲಿ ನಾಲ್ಕನೆಯ ಸೀಟು ಸಿಕ್ಕಿತು, ನಾನು ಅವಳ ಮೊಣಕಾಲಿನ ಮುಂದೆ ನಿಂತೆ. ಅಮ್ಮ ಮೆಂತ್ಯ ಸೊಪ್ಪು ಬಿಡಿಸುತ್ತಾ ಎಲೆಯನ್ನು ಚೀಲಕ್ಕೆ, ದಂಟನ್ನು ಕಾಗದಕ್ಕೆ ಹಾಕುತ್ತಿದ್ದಳು. ಒಂದು ದಂಟು ನನ್ನ ಬೂಟಿನ ಮೇಲೆ ಬಿದ್ದು ಠಾಣೆ ದಾಟುವವರೆಗೂ ಅಲ್ಲೇ ಇತ್ತು. ಆಮೇಲೆ ಅಮ್ಮನ ಕೈ ನಿಧಾನವಾಯಿತು, ಕಣ್ಣು ಮುಚ್ಚಿತು, ಬೆರಳುಗಳು ಮಾತ್ರ ಇನ್ನೂ ಎರಡು ಎಲೆ ಬಿಡಿಸಿದವು.’

ನಾನು ಓದಿ ಮುಗಿಸುವವರೆಗೆ ತಾಯಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದರು. ‘ಇದನ್ನೆಲ್ಲ ಬರೆಯುವುದೇ, ಟೀಚರ್?’ ಎಂದರು. ‘ನೋಡಿ, ಈಗಲೂ ನಾಲ್ಕೇ ಸಾಲು.’