ಆ ಹುಡುಗಿ ಬೆಂಗಳೂರಿಗೆ ಯಾಕೆ ಹೋಗಲಿಲ್ಲ?

ನನ್ನ ಪ್ರೇಮಕಥೆ ಓದಿದವರು ಸಿಕ್ಕಾಗಲೆಲ್ಲ ಕೇಳುವುದು ಇದನ್ನೇ: "ಇಷ್ಟು ಬಾಯಿ ಜೋರಿನ, ಇಷ್ಟು ಧೈರ್ಯದ ಹುಡುಗಿ ಸಣ್ಣ ಊರಲ್ಲಿ ಇರ್ತಾಳಾ? ಕಥೆಯನ್ನ ಬೆಂಗಳೂರಲ್ಲೇ ನಡೆಸಬಹುದಿತ್ತಲ್ಲ, ಶಿವಮೊಗ್ಗ ಯಾಕೆ?"

ಬೆಂಗಳೂರಲ್ಲಿ ಆ ಕಥೆ ಎರಡನೇ ಪುಟಕ್ಕೇ ಮುಗಿದುಹೋಗುತ್ತಿತ್ತು. ಅಲ್ಲಿ ಇಬ್ಬರು ಕೂತು ಕಾಫಿ ಕುಡಿದರೆ ಯಾರೂ ತಿರುಗಿ ನೋಡುವುದಿಲ್ಲ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಸ್ಕೂಟಿ ನಿಲ್ಲಿಸಿ ಒಬ್ಬ ಹುಡುಗನ ಹತ್ತಿರ ಎರಡು ಮಾತಾಡಿದರೆ, ಅವಳು ಗೋಪಿ ಸರ್ಕಲ್ ದಾಟುವಷ್ಟರಲ್ಲಿ ಸುದ್ದಿ ಮನೆ ಮುಟ್ಟಿರುತ್ತದೆ. ಮುಟ್ಟಿಸಿದವರು ಕೆಟ್ಟವರಲ್ಲ. ಅವಳ ಅಪ್ಪನ ಜೊತೆ ಓದಿದವರು, ಗಾಂಧಿ ಬಜಾರಿನಲ್ಲಿ ಅವಳಿಗೆ ಬಳೆ ತೊಡಿಸಿದವರು. "ನೀನು ಯಾರ ಮನೆ ಹುಡುಗಿ?" ಎಂಬ ಒಂದು ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಪ್ರೀತಿಸಿದವರು ಇಲ್ಲಿ ಎಷ್ಟು ಬುದ್ಧಿ ಖರ್ಚು ಮಾಡಬೇಕು! ನನ್ನ ಕಥೆಯ ನಗುವೆಲ್ಲ ಹುಟ್ಟುವುದು ಅಲ್ಲೇ.

ಸಣ್ಣ ಊರಿನ ಹುಡುಗಿಗೆ ದಿಟ್ಟತನ ಹೊರಗಿನಿಂದ ಬರಬೇಕು ಎಂಬ ಮಾತು ಮಾತ್ರ ನನಗೆ ನಿಜಕ್ಕೂ ನೋವು ಕೊಡುತ್ತದೆ. ಇದೇ ಜಿಲ್ಲೆಯ ಕುಪ್ಪಳಿಯಲ್ಲಿ ಬೆಳೆದ ಕುವೆಂಪು 1966ರಷ್ಟು ಹಿಂದೆಯೇ ಮಗ ತೇಜಸ್ವಿಯ ಮದುವೆಯನ್ನು ಆಡಂಬರವಿಲ್ಲದೆ, ಮಂತ್ರಮಾಂಗಲ್ಯದ ರೀತಿಯಲ್ಲಿ ಮಾಡಿಸಿದ್ದರು. "ಛತ್ರ ಬುಕ್ ಮಾಡಿದ್ರೆ ನಾನು ಬರಲ್ಲ" ಎಂದು ನನ್ನ ಹುಡುಗಿ ಅಪ್ಪನಿಗೆ ಹೇಳುತ್ತಾಳಲ್ಲ, ಅದು ಇಲ್ಲಿಯದೇ ಮಾತು.

ನನಗೆ ತುಂಬ ಇಷ್ಟವಾದದ್ದು ಅಡಿಕೆಯ ಭಾಗ. ಹುಡುಗನ ಮನೆ ತೀರ್ಥಹಳ್ಳಿ ಕಡೆ, ಶಿವಮೊಗ್ಗದಿಂದ ಸುಮಾರು 60 ಕಿಲೋಮೀಟರ್. ಕೊಯ್ಲಿನ ಕಾಲ. ಕೊಯ್ದ ಹಸಿ ಅಡಿಕೆಯನ್ನು ಹಾಗೇ ಬಿಡುವಂತಿಲ್ಲ. ಸುಲಿಯಬೇಕು, ಹಂಡೆಯಲ್ಲಿ ಚೊಗರಿನ (ಮೊದಲು ಅಡಿಕೆ ಬೇಯಿಸಿ ಉಳಿದ ರಸದ) ಜೊತೆ ಬೇಯಿಸಬೇಕು, ಒಣಗಿಸಬೇಕು. ಸುಲಿಯುವವರು ಸಿಗುತ್ತಿಲ್ಲ. ಗೆಳತಿಯ ಮನೆಗೆ ಓದಲು ಹೋಗುತ್ತೇನೆಂದು ಹೇಳಿ ಬಸ್ ಹತ್ತಿದ ಇವಳು ಅವನ ಅಜ್ಜಿಯ ಪಕ್ಕದಲ್ಲಿ ಸುಲಿಯಲು ಕೂತೇಬಿಡುತ್ತಾಳೆ. ಅವನೋ ಇವಳನ್ನು ನೋಡುತ್ತ ಒಲೆಗೆ ಸೌದೆ ಹಾಕುವುದನ್ನೇ ಮರೆತು, ಬೆಂಕಿ ಆರಿಹೋಗಿ, ಅಜ್ಜಿಯ ಹತ್ತಿರ ಬೈಸಿಕೊಳ್ಳುತ್ತಾನೆ. ಸಂಜೆ ಹೊತ್ತಿಗೆ ಇವಳ ಬೆರಳೆಲ್ಲ ಕಪ್ಪು. ಸೋಪು ಹಚ್ಚಿದರೂ ಹೋಗದು, ನಿಂಬೆಹಣ್ಣು ತಿಕ್ಕಿದರೂ ಹೋಗದು.

ಬೆಂಗಳೂರಲ್ಲಾಗಿದ್ದರೆ ಆ ಬೆರಳುಗಳನ್ನು ಓದಬಲ್ಲವರು ಯಾರು ಸಿಗುತ್ತಿದ್ದರು? ಇಲ್ಲಿ ಬಾಗಿಲು ತೆಗೆಯುವುದು ತೀರ್ಥಹಳ್ಳಿಯಲ್ಲೇ ಹುಟ್ಟಿ ಬೆಳೆದ ಅಮ್ಮ.

"ಕೈ ತೋರಿಸೇ."

"ಮೆಹಂದಿ ಕಣಮ್ಮ."

"ಮೆಹಂದಿ ಕೆಂಪಗಿರುತ್ತೆ. ಇದು ಅಡಿಕೆ ಕರೆ. ಯಾರ ಮನೇದು?"

"ಅದೆಲ್ಲ ಆಮೇಲೆ. ಎಷ್ಟು ಸುಲಿದೆ ಅಂತ ಮೊದಲು ಕೇಳು."

ಅಮ್ಮ ಆ ಕಪ್ಪು ಬೆರಳುಗಳನ್ನು ಅಂಗೈಯಲ್ಲಿ ಹಿಡಿದು ಹೊಸ್ತಿಲಲ್ಲೇ ಸ್ವಲ್ಪ ಹೊತ್ತು ನಿಲ್ಲುತ್ತಾಳೆ. ಆಮೇಲೆ ಕೇಳುತ್ತಾಳೆ:

"ಎಷ್ಟು?"