ಬಾವಿ ಲೆಕ್ಕದ ನಮೂನೆ: 1.10 ಹೊರಬಂತು, 2.0 ಕರಡಿನಲ್ಲಿದೆ

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಬಾವಿಗಳ ನೀರಿನ ಮಟ್ಟ ಬರೆದಿಡೋಕೆ ನಾವು ಕೆಲ ಗೆಳೆಯರು ಒಂದು ಡೇಟಾ ನಮೂನೆ ಮಾಡಿಕೊಂಡಿದ್ದೇವೆ. ಯಾವ ಕಾಲಂ ಇರಬೇಕು, ಅದರಲ್ಲಿ ಏನು ತುಂಬಬೇಕು, ಇಷ್ಟೇ ಅದು. ತುಂಬುವವರು ಬೇರೆ ಬೇರೆ ಊರಿನವರು.

ಆಗಸ್ಟ್‌ನಲ್ಲಿ ಅದರ 1.10 ಆವೃತ್ತಿ ಬಿಟ್ಟೆವು. ಬೀದರ್‌ನ ನೌಬಾದ್ ಕರೇಜ್‌ (ನೆಲದಡಿಯ ಹಳೇ ನೀರಿನ ಸುರಂಗ) ಮೇಲೆ ಗಾಳಿ-ಬೆಳಕಿಗೆ ತೋಡಿದ ಗಾಳಿಬಾವಿಗಳನ್ನು 'ತೆರೆದ ಬಾವಿ' ಅಂತ ಹಾಕೋದು ಸರಿಯಲ್ಲ ಅಂತ ಅಲ್ಲಿನವರು ಹೇಳಿದ್ದರು. ಅದಕ್ಕೆ ಬಾವಿ ಬಗೆಯ ಪಟ್ಟಿಗೆ ಒಂದು ಹೆಸರು ಸೇರಿತು. ಹಳೇ ಫೈಲುಗಳು ಹಾಗೇ ನಡೆಯುತ್ತವೆ, ಹಾಗಾಗಿ ಚುಕ್ಕೆಯ ನಂತರದ ಅಂಕಿ ಮಾತ್ರ ಏರಿತು. ಇನ್ನೊಂದು ಕಿರಿಕಿರಿ: ಎಕ್ಸೆಲ್‌ನಲ್ಲಿ 1.10 ಅಂತ ಹೊಡೆದರೆ ಅದು 1.1 ಆಗಿ ಕೂರುತ್ತದೆ. ನಮ್ಮಲ್ಲಿ 1.1 ಬೇರೆಯೇ ಆವೃತ್ತಿ! ಇನ್ನು ಮುಂದೆ 'ಆ1.10' ಅಂತ ಅಕ್ಷರ ಸೇರಿಸಿಯೇ ಬರೆಯಬೇಕು.

2.0ದ್ದೇ ದೊಡ್ಡ ಕಥೆ. 'ನೀರಿನ ಆಳ' ಅನ್ನೋ ಕಾಲಂನಲ್ಲಿ ಇಲ್ಲಿವರೆಗೆ ಬಾವಿ ಕಟ್ಟೆಯ ಮೇಲಿಂದ ಟೇಪ್ ಇಳಿಬಿಟ್ಟ ಅಳತೆ ಇದೆ. ಕೇಂದ್ರ ಅಂತರ್ಜಲ ಮಂಡಳಿ ಲೆಕ್ಕ ಇಡೋದು ನೆಲಮಟ್ಟದಿಂದ, ಮೀಟರ್‌ನಲ್ಲಿ. ಹೋಲಿಸಿ ನೋಡಬೇಕಾದರೆ ನಾವೂ ಅದಕ್ಕೆ ಬರಬೇಕು, ಅದರಲ್ಲಿ ತಕರಾರಿಲ್ಲ. 'ಕಾಲಂ ಹೆಸರು ಅದೇ ಇರಲಿ, ಅರ್ಥ ಬದಲಿಸೋಣ' ಅಂದರು ಕೆಲವರು. ನಾನು ಒಪ್ಪಲಿಲ್ಲ. ಕಟ್ಟೆ 0.8 ಮೀಟರ್ ಇದೆ, ಟೇಪ್ 9.6 ತೋರಿಸುತ್ತದೆ ಅಂದುಕೊಳ್ಳಿ. ಮುಂದಿನ ಸಲ ಅದೇ ಕಾಲಂನಲ್ಲಿ 8.8 ಬಂದರೆ, ಹನಿ ಮಳೆ ಬೀಳದೆ ನೀರು ಏರಿದ ಹಾಗೆ ಗ್ರಾಫ್ ಕಾಣುತ್ತದೆ. ಯಾವ ಪರೀಕ್ಷೆಯೂ ಇದನ್ನು ಹಿಡಿಯಲ್ಲ.

ಕೊನೆಗೆ 'ನೆಲದಿಂದ ನೀರಿಗೆ' ಮತ್ತು 'ಕಟ್ಟೆ ಎತ್ತರ' ಅಂತ ಎರಡು ಹೊಸ ಕಾಲಂ ಬಂದವು. ಹಳೇದನ್ನು 2.0ದಲ್ಲಿ ತುಂಬಲೇಬೇಕಂತಿಲ್ಲ, 3.0ದಲ್ಲಿ ಅದು ಹೋಗುತ್ತದೆ, ಆ ಹೆಸರನ್ನು ಮತ್ತೆ ಯಾವುದಕ್ಕೂ ಇಡುವಂತಿಲ್ಲ. ಇದು ಅತಿಯಾಯ್ತು ಅನ್ನುವವರು ಯೂನಿಕೋಡ್ ನೋಡಲಿ, ಅಂದರೆ ಕಂಪ್ಯೂಟರ್‌ನಲ್ಲಿ ಎಲ್ಲ ಲಿಪಿಗಳ ಅಕ್ಷರಗಳಿಗೆ ಸಂಖ್ಯೆ, ಹೆಸರು ಕೊಡುವ ಪಟ್ಟಿ. ಹಳಗನ್ನಡದ ೞ ಅಕ್ಷರಕ್ಕೆ ಅಲ್ಲಿ 'ಕನ್ನಡ ಲೆಟರ್ ಎಫ್‌ಎ' ಅಂತ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರು ಬದಲಿಸಬಾರದು ಅನ್ನೋ ನಿಯಮದಿಂದ ಅದು ಇವತ್ತಿಗೂ ಹಾಗೇ ಇದೆ. ಸರಿಯಾದ ಹೆಸರನ್ನು ಪಕ್ಕದಲ್ಲಿ ಸೇರಿಸಿದ್ದಾರೆ, ಅಷ್ಟೇ.

ತಾಲೂಕು ಪಟ್ಟಿಯನ್ನು ನಮೂನೆಯಿಂದ ಬೇರೆ ಮಾಡಿದ್ದೇವೆ. ಜೇವರ್ಗಿಯಿಂದ ಯಡ್ರಾಮಿ, ಸುರಪುರದಿಂದ ಹುಣಸಗಿ ಒಡೆದಂತೆ ನಾಳೆ ಮತ್ತೊಂದು ಒಡೆದರೆ ಆ ಪಟ್ಟಿ ಮಾತ್ರ ಬದಲಾಗುತ್ತದೆ. ಬಾವಿಯ ನಂಬರ್‌ನಲ್ಲಿ ತಾಲೂಕಿನ ಅಕ್ಷರ ಇರಲ್ಲ.

ಹೊಸ ಆವೃತ್ತಿ ಬಿಡೋದು ವರ್ಷಕ್ಕೆ ಎರಡೇ ಸಲ, ಫೆಬ್ರವರಿ ಮತ್ತು ಆಗಸ್ಟ್. ನಡುವೆ ಕಾಗುಣಿತ ತಿದ್ದಬಹುದು, ಬೇರೇನೂ ಇಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಗೆಳೆಯನೊಬ್ಬ ತಿಂಗಳಿಗೊಂದು ಬಿಡ್ರಪ್ಪ ಅಂದ. ಆಪ್ ಆಗಿದ್ದರೆ ಸರಿ. ನಮ್ಮವರು ಅಳೆಯೋದು ಮಳೆಗೆ ಮುಂಚೆ ಮೇನಲ್ಲಿ, ಮಳೆ ಮುಗಿದ ಮೇಲೆ ನವೆಂಬರ್‌ನಲ್ಲಿ. ಅದಕ್ಕೆ ಮೊದಲೇ ಫಾರಂ ಝೆರಾಕ್ಸ್ ಹೊಡೆಸಿ ಹಳ್ಳಿಗೆ ಕಳಿಸಿರುತ್ತೇವೆ. ಕಾಗದ ತಾನಾಗೇ ಅಪ್‌ಡೇಟ್ ಆಗಲ್ಲ ಅಲ್ವಾ? ಫಾರಂನ ಬಲಮೂಲೆಯಲ್ಲಿ ಆವೃತ್ತಿ ದಪ್ಪಗೆ ಅಚ್ಚಾಗಿರುತ್ತದೆ. ಈ ನವೆಂಬರ್ ಪೂರ್ತಿ 1.10ರಲ್ಲೇ.

2.0 ಫೆಬ್ರವರಿಗೆ ಬರುತ್ತದೆ. ಹಳೇ ಅಳತೆಯಿಂದ ಕಟ್ಟೆ ಎತ್ತರ ಕಳೆಯುವ ಸ್ಕ್ರಿಪ್ಟ್ ತಯಾರಿದೆ. ಆದರೆ ಶಹಾಪುರದ ಕಡೆಯಿಂದ ಒಬ್ಬರು ಕೇಳಿದ್ದಾರೆ: ನಡುವೆ ಕಟ್ಟೆಯನ್ನೇ ಎತ್ತರಿಸಿ ಕಟ್ಟಿದ್ದರೆ ಯಾವ ಎತ್ತರ ಕಳೀತೀರಿ? ಅವರು ಕೇಳಿದ್ದು ಸರಿ. ಕಟ್ಟೆ ಎತ್ತರಕ್ಕೂ ಅಳೆದ ದಿನಾಂಕದ ಕಾಲಂ ಒಂದನ್ನು ಕರಡಿಗೆ ಸೇರಿಸುತ್ತಿದ್ದೇನೆ.